ಮೆಟ್ರೋ ಬಂತು, ಮನೆ ಬಿಡಿ

ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ಸುಲೋಚನಳ ಗಂಡನನ್ನು ನೋಡಿಯೇ ಕಟ್ಟಿರಬೇಕು. ನರಹರಿ ಕೋಲ್ಕತ್ತದಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್. ರಸ್ತೆ, ರೈಲು ಬಂದ ಕಡೆ ಜನರ ಬದುಕು ಹೇಗೆ ಮೇಲೇರುತ್ತದೆ ಎನ್ನುವುದೇ ಅವನ ಸಂಶೋಧನೆ. ಮೈಸೂರು ಬಿಟ್ಟು ಬಂದಾಗಿನಿಂದ ಗಂಡ ಹೆಂಡತಿ ಇದ್ದದ್ದು ನಾಕ್ತಲಾ ಬಡಾವಣೆಯ ಒಂದೇ ಬಾಡಿಗೆ ಮನೆಯಲ್ಲಿ.

ಸುಲೋಚನಳ ಕೆಲಸ ಪಾರ್ಕ್ ಸ್ಟ್ರೀಟ್‌ನ ವಿಮಾ ಕಚೇರಿಯಲ್ಲಿ. ದಿನಾ ಮಿನಿಬಸ್ಸಿನಲ್ಲಿ ಯಾರ್ಯಾರದೋ ಮೊಣಕೈಯಿಂದ ತಿವಿಸಿಕೊಂಡು ಟಾಲಿಗಂಜ್ ತಲುಪಿ, ಅಲ್ಲಿ ಮೆಟ್ರೋ ಹಿಡಿಯಬೇಕು. ಆ ಮೆಟ್ರೋ ತಮ್ಮ ಬೀದಿಯ ತುದಿಗೇ ಬರುತ್ತದೆಂದು ತಿಳಿದ ದಿನ ಅವಳು ಪಾಯಸ ಮಾಡಿದ್ದಳು. ಆಮೇಲೆ ವರ್ಷಗಟ್ಟಲೆ ಧೂಳು ನುಂಗಿದಳು, ಸೀರೆ ಎತ್ತಿಕೊಂಡು ಗುಂಡಿ ದಾಟಿದಳು. ಕಂಬಗಳೆದ್ದವು, ಹಳಿ ಬಂತು, ಪರೀಕ್ಷೆಗೆಂದು ಖಾಲಿ ರೈಲೂ ಓಡಿತು. ಮರುದಿನವೇ ಮನೆ ಮಾಲೀಕ ಘೋಷಾಲ್ ಬಾಬು ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಬಂದ. ಅವನ ಬಾಯಲ್ಲಿ ಸುಲೋಚನಾ ಬೌದಿ, ಅಂದರೆ ಅತ್ತಿಗೆ; ನರಹರಿ ದಾದಾ, ಅಂದರೆ ಅಣ್ಣ.

"ಬೌದಿ, ಮನೇನ ಬಿಲ್ಡರಿಗೆ ಕೊಟ್ಟೆ. ಕೆಡವಿ ಫ್ಲ್ಯಾಟ್ ಕಟ್ತಾರೆ. ಕಂಪ್ಯೂಟರ್ ಕಂಪನಿ ಹುಡುಗರು ಈಗಲೇ ಕ್ಯೂ ನಿಂತಿದ್ದಾರೆ. ದುರ್ಗಾಪೂಜೆ ಹೊತ್ತಿಗೆ ಖಾಲಿ ಮಾಡಿಕೊಟ್ಟರೆ ಉಪಕಾರ."

"ಇಷ್ಟು ವರ್ಷ ಇದ್ದೀವಿ. ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?"

"ಈ ಹಳೇ ಮನೆ ಯಾರಿಗೆ ಬೇಕು ಅಂದ್ಕೊಂಡಿದ್ದೆ ಬೌದಿ. ರೈಲು ಬಂದರೆ ಜಾಗಕ್ಕೆ ಚಿನ್ನದ ಬೆಲೆ ಅಂತ ದಾದಾನೇ ಹೇಳಿಕೊಟ್ಟರು. ಚಹಾ ಕುಡೀತಾ ಗ್ರಾಫ್ ಬರೆದು ತೋರಿಸಿದರು!"

ಸುಲೋಚನಳ ಮೈಯೆಲ್ಲ ಉರಿಯಿತು. ಪಕ್ಕದಲ್ಲೇ ಕೂತಿದ್ದ ಗಂಡನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಇದೆಯೇ ಎಂದು ಹುಡುಕಿದಳು. ಅಲ್ಲಿದ್ದದ್ದು ಸಂತೋಷ.

"ನೋಡಿದ್ಯಾ, ನನ್ನ ಅಂದಾಜು ಎಷ್ಟು ಸರಿಯಾಗಿ ಬಂತು!"

"ರೀ, ನಾವು ಬಾಡಿಗೆಯವರು ಅನ್ನೋದು ನಿಮ್ಮ ಗ್ರಾಫಿನಲ್ಲಿ ಎಲ್ಲಾದ್ರೂ ಇತ್ತಾ?"

ನರಹರಿ ಯೋಚಿಸಿದ. ಇರಲಿಲ್ಲ.

ಸುತ್ತಮುತ್ತ ಯಾವ ಮನೆಯ ಬಾಡಿಗೆಯೂ ಕೈಗೆಟುಕಲಿಲ್ಲ. ಕೊನೆಗೆ ಮೆಟ್ರೋ ಇಳಿದು, ಆಟೋ ಹತ್ತಿ, ಅದೂ ಮುಗಿದ ಮೇಲೆ ಸೈಕಲ್ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ ಎರಡು ಕೋಣೆ ಸಿಕ್ಕವು. ಸುಲೋಚನಳಿಗೆ ದಾರಿಯುದ್ದಕ್ಕೂ ಅಳು ಬಂತು, ಬರೀ ಸಿಟ್ಟಿಗೆ. ಹೊಸ ಮಾಲೀಕ ಮಂಡಲ್ ಬಾಬು ಇಬ್ಬರಿಗೂ ಚಹಾ ಕೊಟ್ಟ.

"ಇಲ್ಲಿ ಗದ್ದೆ ಬಿಟ್ಟರೆ ಏನೂ ಇಲ್ಲ ದಾದಾ, ಅದಕ್ಕೇ ಬಾಡಿಗೆ ಕಮ್ಮಿ. ನಿಮಗೇನು ಕೆಲಸ?"

ನರಹರಿಯ ಕಣ್ಣು ಅರಳಿತು. ಕಪ್ಪನ್ನು ಕೆಳಗಿಟ್ಟು ಕಿಟಕಿಯಾಚೆ ಕೈ ತೋರಿಸಿದ. "ಮುಂದೆ ಇಲ್ಲೊಂದು ಬೈಪಾಸ್..."

"ಇವರು ಸಂಸ್ಕೃತ ಮೇಷ್ಟ್ರು," ಎಂದಳು ಸುಲೋಚನಾ. "ರಸ್ತೆ ಗಿಸ್ತೆ ವಿಷಯ ಇವರಿಗೆ ಏನೂ ಗೊತ್ತಾಗಲ್ಲ."