ಐದು ಮನೆಯ ಕುಂಚಿಗೆ

ಎರಡನೇ ರೊಟ್ಟಿ ತಟ್ಟುತ್ತಿದ್ದೆ. ನನ್ನ ಗಂಡ ಪರಶುರಾಮ್ ಚಹಾ ಕುಡಿಯುತ್ತಾ, "ನಿನ್ನ ಮಗಳು ಇವತ್ತು ನಮ್ಮ ಕುಂಚಿಗೇನ ಗಾಜಿನ ಪೆಟ್ಟಿಗ್ಯಾಗೆ ನೋಡ್ತಾಳೆ ಬಿಡು" ಎಂದು ನಕ್ಕರು.

ಅರ್ಪಿತಾ ಬೆಳಿಗ್ಗೆಯೇ ಶಾಲೆಯವರ ಜೊತೆ ನ್ಯಾಮತಿಯಿಂದ ಹೊನ್ನಾಳಿಗೆ ಹೋಗಿದ್ದಳು. ಅಲ್ಲಿ ಮ್ಯೂಸಿಯಂನವರು ಹಳೇ ಕಾಲದ ಉಡುಪುಗಳ ಪ್ರದರ್ಶನ ಇಟ್ಟಿದ್ದರು.

"ಯಾವ ಕುಂಚಿಗೆ?"

"ಟ್ರಂಕಿನಾಗಿದ್ದದ್ದು, ಅವಳು ಕೂಸಿದ್ದಾಗ ತಲೆಗೆ ಹಾಕ್ತಿದ್ದದ್ದು. ನೀನು ತವರಿಗೆ ಹೋದಾಗ ಮ್ಯೂಸಿಯಂನವರು ಮನೆ ಮನೆಗೆ ಬಂದಿದ್ರು. ಅವ್ವನ ಸೀರೆ ಜೊತೆ ಕೊಟ್ಟೆ. ವಾಪಸ್ ಕೊಡ್ತಾರಂತೆ. ಪಕ್ಕದಾಗೆ ಬರೆದು ಹಾಕಾಕೆ ಇದರ ಕತೆ ಹೇಳ್ರಿ ಅಂದ್ರು, ಹೇಳ್ದೆ."

"ಎಲ್ಲಾ ಹೇಳಿದ್ರಾ?"

ಲೋಟ ಅವರ ತುಟಿಯ ಹತ್ತಿರವೇ ನಿಂತಿತು. "ಅಯ್ಯೋ... ಅವಳಿಗೆ ಓದಾಕೆ ಬರ್ತೈತಲ್ಲೇ."

ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಒಲೆ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದೆ.

ಅರ್ಪಿತಾಗೆ ಮುಂಚೆ ನನಗೆ ಎರಡು ಕೂಸು ಹುಟ್ಟಿದ್ದವು. ಎರಡೂ ಉಳಿಯಲಿಲ್ಲ. ಇವಳು ಹುಟ್ಟಿದಾಗ ನಮ್ಮತ್ತೆ ಹುಲಿಗೆಮ್ಮ, ಮಕ್ಕಳು ಚೆನ್ನಾಗಿ ಬೆಳೆದ ಐದು ಮನೆಗಳಿಗೆ ಹೋಗಿ ಸೆರಗೊಡ್ಡಿ ಹಳೇ ಬಟ್ಟೆ ಬೇಡಿ ತಂದರು. ಆ ತುಂಡುಗಳನ್ನು ಕೂಡಿಸಿ, ತಲೆಯಿಂದ ಬೆನ್ನಿಗಿಳಿಯುವ ಕುಂಚಿಗೆ ಹೊಲಿದು ತೊಡಿಸಿದರು. ಇದು ನಮ್ಮ ಕೂಸಲ್ಲ, ಬೇಡಿ ತಂದದ್ದು ಅಂತ ಸಾವು ತಿಳಿಯಲಿ ಎಂದು. "ಸತ್ತ ಕೂಸುಗಳ ಹೆಸರು ಇವಳ ಮುಂದೆ ಎತ್ತಬ್ಯಾಡ. ಜೊತೆಗೆ ಕರಕೊಂಡು ಹೋಗ್ತಾವೆ" ಅಂದಿದ್ದರು. ಅತ್ತೆ ತೀರಿಕೊಂಡ ಮೇಲೂ ನಾನು ಎತ್ತಲಿಲ್ಲ. ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ, ಮಗಳಿಗೆ ಜ್ವರ ಬಂದಾಗಲೆಲ್ಲ ಟ್ರಂಕು ತೆಗೆದು ಕುಂಚಿಗೆ ಮುಟ್ಟಿ ನೋಡುತ್ತಿದ್ದೆ.

ಈಗ ಅದು ಮನೆಯಲ್ಲೇ ಇರಲಿಲ್ಲ. ಹೊನ್ನಾಳಿ ಬಸ್ಸಿನಲ್ಲಿ ಕೂತು, ಎದುರಿಗೆ ಲಾರಿ ಬಂದಾಗಲೆಲ್ಲ ಶಾಲೆಯ ಬಸ್ಸು ನೆನಪಾಗಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

ಪ್ರದರ್ಶನದ ಹಾಲಿನಲ್ಲಿ ತಲೆಯಿಲ್ಲದ ಬೊಂಬೆಗಳಿಗೆ ಸೀರೆ ಉಡಿಸಿದ್ದರು. ಒಂದಕ್ಕೆ ನಮ್ಮತ್ತೆಯ ಇಳಕಲ್ ಸೀರೆ. ಅವರೇ ಎದ್ದು ಬಂದಂತಾಗಿ ಸೆರಗು ಸರಿಮಾಡಿಕೊಂಡೆ.

ಕೊನೆಯ ಗಾಜಿನ ಪೆಟ್ಟಿಗೆಯ ಮುಂದೆ ಮಕ್ಕಳ ಗುಂಪು. "ಲೇ ಅರ್ಪಿತಾ, ಇಲ್ಲಿ ನಿಮ್ಮಪ್ಪನ ಹೆಸರೈತೆ! ನೀನು ಭಿಕ್ಷದ ಬಟ್ಟೆ ಹಾಕ್ಕೊಂಡಿದ್ಯಾ?" ಒಬ್ಬಳು ಕೇಕೆ ಹಾಕಿದಳು.

ಅರ್ಪಿತಾ ನಗಲಿಲ್ಲ, ಅಳಲೂ ಇಲ್ಲ. ಪಕ್ಕದ ಚೀಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದಳು: 'ಮೊದಲಿನ ಇಬ್ಬರು ಮಕ್ಕಳು ಉಳಿಯದ ಕಾರಣ, ಮೂರನೆಯ ಮಗುವಿಗಾಗಿ ಬೇಡಿ ತಂದ ಬಟ್ಟೆಯಲ್ಲಿ ಹೊಲಿದದ್ದು.'

"ಬಾರವ್ವ, ಮನೆಗೆ ಹೋಗಾಣ." ಕೈ ಹಿಡಿದೆ. ಬಿಸಿಯಿತ್ತು. ಬಿಸಿಲಿನದೋ, ಜ್ವರದ್ದೋ, ನನಗೆ ತಿಳಿಯಲಿಲ್ಲ.

ಅವಳು ಕದಲಲಿಲ್ಲ. ನನ್ನ ಬೆರಳಿಗೆ ಅಂಟಿದ್ದ ಒಣ ಹಿಟ್ಟನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಆಮೇಲೆ ಮುಖ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅವ್ವಾ, ಅವರಿಬ್ಬರ ಹೆಸರೇನು?"