ಶನಿವಾರದ ಮರಳು

"ಆ ಗುಂಡೀಲಿ ಯಾವ ಹೆಣವೂ ಇಲ್ಲ ಕಣಮ್ಮ," ಅಂದ ಮಾದಿಸ್ ತಾತ. ಅಷ್ಟರಲ್ಲಿ ಟೇಪ್ ರೆಕಾರ್ಡರು ಟಕ್ಕೆಂದು ನಿಂತಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿದಿತ್ತು.

ವಿರ್ವೆ ಅದನ್ನು ತೆಗೆದು ತಿರುಗಿಸಿ ಹಾಕಬೇಕಿತ್ತು. ಕೈ ಏಳಲಿಲ್ಲ. ಬೆಳಗ್ಗೆ ಐದಕ್ಕೆಲ್ಲ ಡೇರಿಯಲ್ಲಿ ಹಾಲು ತೂಗಲು ನಿಂತವಳು, ಈಗ ಸಂಜೆ ಏಳು. ಹೋದ ವರ್ಷ ಪರಂಪರೆ ಸಂಘದ ಸಾರೆಪೆರೆ ಊರಿನ ಶಾಖೆಗೆ ಕಾರ್ಯದರ್ಶಿ ಬೇಕು ಅಂದಾಗ ಯಾರೂ ಕೈಯೆತ್ತಲಿಲ್ಲವೆಂದು ಇವಳು ಎತ್ತಿದ್ದೇ ತಪ್ಪಾಯಿತು. ಅಂದಿನಿಂದ ದಿನಾ ಸಂಜೆ ಯಾರಾದರೊಬ್ಬ ಮುದುಕರ ಅಡಿಗೆಮನೆಯಲ್ಲಿ ಕೂತು ಹಳೆಯ ಕಥೆ ರೆಕಾರ್ಡು ಮಾಡುವುದು. ನಲವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಜನ ಈಗ ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟಿದ್ದರು. ಯಾರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದರು, ಯಾರ ಮನೆಗೆ ಬೆಂಕಿ ಬಿತ್ತು, ಪೊಲೀಸರಿಗೆ ಯಾರ ಹೆಸರನ್ನು ಯಾರು ಬರೆದುಕೊಟ್ಟರು. ಕೇಳಿ ಕೇಳಿ ಅವಳ ಕಿವಿ ತುಂಬಿಹೋಗಿತ್ತು. "ಸತ್ತೋರ ಕಥೆ ಆಯ್ತು, ಬದುಕಿರೋನಿಗೆ ಒಂದಿಷ್ಟು ಗಂಜಿ ಕಾಯಿಸ್ತೀಯಾ?" ಅಂತ ಗಂಡ ಕೇಳುವುದೂ ನಿಂತಿತ್ತು. ತಾನೇ ಎರಡು ಆಲೂಗಡ್ಡೆ ಬೇಯಿಸಿಕೊಂಡು ತಿಂದು ಮಲಗಿಬಿಡುತ್ತಿದ್ದ.

ಇವತ್ತು ಅವಳು ಬಂದಿದ್ದು ಒಂದೇ ಪ್ರಶ್ನೆ ಹಿಡಿದುಕೊಂಡು. ಎಪ್ಪತ್ತು ವರ್ಷದ ಹಿಂದಿನ ಸ್ವಾತಂತ್ರ್ಯದ ಯುದ್ಧದಲ್ಲಿ ಸತ್ತ ಊರಿನ ನಲವತ್ತೊಂದು ಜನರ ಹೆಸರು ಕೆತ್ತಿದ ಕಲ್ಲಿನ ಫಲಕ ಎಲ್ಲಿ ಹೋಯಿತು? ಚರ್ಚಿನ ಮುಂದಿದ್ದ ಸ್ಮಾರಕವನ್ನು ನಲವತ್ತೊಂಬತ್ತನೇ ಇಸವಿಯಲ್ಲಿ ಸೋವಿಯತ್ ಸರ್ಕಾರದವರು ಮದ್ದಿಟ್ಟು ಉಡಾಯಿಸಿದ್ದರು. ಆದರೆ ಹಿಂದಿನ ದಿನವೇ ಯಾರೋ ಫಲಕ ಬಿಚ್ಚಿ ಬಚ್ಚಿಟ್ಟಿದ್ದಾರೆಂದು ಊರೆಲ್ಲ ಗುಸುಗುಸು. ಆ ಕಾಲದಲ್ಲಿ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದವನು ಈ ಮಾದಿಸ್. ಈಗ ಅವನಿಗೆ ಎಂಬತ್ತೈದು. ಆ ಯುದ್ಧದ ಗೆಲುವನ್ನು ನೆನೆಯುವ ಜೂನ್ ಇಪ್ಪತ್ಮೂರರ ವಿಜಯ ದಿನಕ್ಕೆ ಸ್ಮಾರಕ ಮತ್ತೆ ಎದ್ದು ನಿಲ್ಲಬೇಕು. ಇನ್ನು ಐದೇ ವಾರ.

"ಯಾವ ಗುಂಡಿ ತಾತ?"

"ಇನ್ಯಾವುದು, ಬೇಲಿ ಪಕ್ಕದ್ದು. ಅಲ್ವೀನೆ ಶನಿವಾರ ಶನಿವಾರ ಸಮಾಧಿ ಮೇಲಿನ ಮರಳು ಗೀರಿ ಸಾಪು ಮಾಡ್ತಾಳಲ್ಲ, ಅದು. ಅದರಡಿ ಇರೋದು ಅವಳ ತಮ್ಮ ಅಲ್ಲ. ನಿಮ್ಮ ಕಲ್ಲು."

ವಿರ್ವೆಗೆ ಮೊದಲು ತಲೆಗೆ ಹೋಗಲಿಲ್ಲ. ಹೋದಾಗ, "ಅಯ್ಯೋ ದೇವರೇ," ಅಂದಳು.

"ಏನ್ಮಾಡ್ಲಿ ಹೇಳು. ನಾನೂ ಚರ್ಚಿನ ಗಂಟೆ ಹೊಡಿಯೋನೂ ಸೇರ್ಕೊಂಡು ಫಲಕ ಬಿಚ್ಚಿದ್ವಿ. ಎಲ್ಲಿಡೋದು? ಹೊಲದಲ್ಲಿ ಅಗೆದ್ರೆ ಹೊಸ ಮಣ್ಣು ಕಾಣುತ್ತೆ. ಹೊಸ ಮಣ್ಣಿದ್ರೂ ಯಾರೂ ಏನೂ ಕೇಳದ ಜಾಗ ಸ್ಮಶಾನ ಒಂದೇ. ಆದ್ರೆ ಸಮಾಧಿ ಅಂದ್ಮೇಲೆ ಯಾರಾದ್ರೂ ಬಂದು ಅಳಬೇಕಲ್ಲ, ಮರಳು ಗೀರಬೇಕಲ್ಲ? ದಿಕ್ಕಿಲ್ಲದ ಗುಂಡಿ ಆದ್ರೆ ಇವತ್ತಲ್ಲ ನಾಳೆ ಅನುಮಾನ ಬಂದೇ ಬರುತ್ತೆ."

ಅದೇ ವಾರ, ಕಾಡು ಸೇರಿ ಸರ್ಕಾರದ ವಿರುದ್ಧ ನಿಂತಿದ್ದ ಹುಡುಗರಲ್ಲಿ ಮೂವರ ಹೆಣ ತಂದು ಪೇಟೆಯ ಚೌಕದಲ್ಲಿ ಎಸೆದಿದ್ದರು. ಮುಖ ಗುರುತು ಸಿಗುವಂತಿರಲಿಲ್ಲ. ಯಾರು ಬಂದು ಅಳುತ್ತಾರೆಂದು ಪೊಲೀಸರು ಎದುರಿನ ಕಿಟಕಿಯಿಂದ ಕಾಯುತ್ತಿದ್ದರು, ಅತ್ತವರನ್ನು ಹಿಡಿದುಕೊಂಡು ಹೋಗುತ್ತಿದ್ದರು. ಅಲ್ವೀನೆಯ ತಮ್ಮ ಎಲ್ಮಾರ್ ಆಗ ಕಾಡಿನಲ್ಲಿದ್ದ. ಅವಳು ಹಾಲಿನ ಕ್ಯಾನು ಹಿಡಿದು, ಕತ್ತು ತಿರುಗಿಸದೆ ಆ ಚೌಕ ದಾಟಿದಳು. ಆಮೇಲೆ ಹೆಣಗಳು ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ.

"ನಾನು ಅವಳ ಹತ್ರ ಹೋಗಿ ಅಂದೆ, ಮಧ್ಯದಲ್ಲಿದ್ದೋನು ನಿನ್ನ ತಮ್ಮ, ನಾನೇ ತಂದು ಮಣ್ಣು ಮಾಡಿದೀನಿ, ಹೆಸರು ಹಾಕಬೇಡ, ಬಾಯಿ ಬಿಡಬೇಡ ಅಂತ. ಅವಳು ಈ ಕೈಗೆ ಮುತ್ತಿಟ್ಟಳು ಕಣಮ್ಮ, ಈ ಕೈಗೆ." ಮಾದಿಸ್ ಕೈಯನ್ನು ಮೇಜಿನ ಮೇಲಿಟ್ಟು ಅದು ಬೇರೆ ಯಾರದೋ ಎಂಬಂತೆ ನೋಡಿದ. "ಅವತ್ತಿಂದ ಪ್ರತಿ ನವೆಂಬರು ಹಂದಿ ಕಡಿದಾಗ ಉಪ್ಪು ಹಾಕಿದ ಒಂದು ತೊಡೆ ತಂದುಕೊಡ್ತಾಳೆ. ನಲವತ್ತು ತೊಡೆ ತಿಂದಿದೀನಿ. ಉಪ್ಪು ತಿಂದೋನು ನೀರು ಕುಡೀಲೇಬೇಕು. ನೀನು ಹೋಗಿ ಹೇಳು."

"ನಾನಾ? ನೀವೇ ಹೇಳಿ."

"ನನಗೆ ಅಷ್ಟು ಎದೆ ಇದ್ದಿದ್ರೆ ನಲವತ್ತು ವರ್ಷ ಯಾಕೆ ಬೇಕಿತ್ತು?"

ವಿರ್ವೆ ರೆಕಾರ್ಡರನ್ನು ನೋಡಿದಳು. ಅದಂತೂ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ತಾನೂ ಕೇಳಿಸಿಕೊಳ್ಳಲಿಲ್ಲ ಅಂದುಬಿಟ್ಟರೆ ಮುಗಿಯಿತಲ್ಲ ಅನ್ನಿಸಿತು. ಹೋದ ತಿಂಗಳಷ್ಟೇ ಅಲ್ವೀನೆಗೆ ಅರ್ಜಿ ಬರೆದುಕೊಟ್ಟು, ಎಲ್ಮಾರ್‌ನ ಹೆಸರಿನ ಸಮಾಧಿಕಲ್ಲು ಕೆತ್ತಿಸಲು ಓಡಾಡಿದವಳು ವಿರ್ವೆಯೇ.

ಮಾರನೇ ದಿನ ಮಧ್ಯಾಹ್ನ ಶಾಖೆಯ ಅಧ್ಯಕ್ಷ ಕಾಲ್ಯುಗೆ ವಿಷಯ ಹೇಳಿದಳು. ಸಾಮೂಹಿಕ ಜಮೀನಿನ ಟ್ರ್ಯಾಕ್ಟರ್ ಶೆಡ್ಡಿನ ಮೇಸ್ತ್ರಿ ಅವನು. ಗ್ರೀಸು ಮೆತ್ತಿದ ಕೈಯಲ್ಲೇ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದ.

"ಮೂಲ ಫಲಕಾನೇ! ತಾರ್ತು ಸಿಟಿಯಿಂದ ದೊಡ್ಡೋರೆಲ್ಲ ಬರ್ತಾರೆ ನೋಡ್ತಿರು. ಬುಧವಾರ ಟ್ರ್ಯಾಕ್ಟರ್ ತರ್ತೀನಿ, ಎತ್ತಿಬಿಡೋಣ."

"ಅಲ್ವೀನೆ ಚಿಕ್ಕಮ್ಮನ ಗತಿ?" ಊರಿಗೆಲ್ಲ ಅಲ್ವೀನೆ ಚಿಕ್ಕಮ್ಮನೇ.

"ಅವರಿಗೆ ಯಾಕೆ ಹೇಳ್ಬೇಕು? ಕಲ್ಲು ತೆಗೆದು, ಮಣ್ಣು ಮುಚ್ಚಿ, ಮರಳು ಹಾಕಿದ್ರಾಯ್ತು. ಎಪ್ಪತ್ತು ವರ್ಷದ ಹೆಂಗಸು, ಅವರ ಪಾಡಿಗೆ ಅವರು ತಮ್ಮ ಇದಾನೆ ಅಂದ್ಕೊಂಡಿರ್ಲಿ."

"ಅವರು ಮರಳು ನೋಡಿದ ತಕ್ಷಣ ಹಿಡೀತಾರೆ. ಮೊಲ ಬಂದು ಹೋಗಿದ್ರೂ ಹಿಡೀತಾರೆ."

ಅದು ನಿಜ. ಸಾರೆಪೆರೆಯಲ್ಲಿ ಎಲ್ಲರೂ ಶನಿವಾರ ಸಮಾಧಿಯ ಮರಳನ್ನು ಹಲ್ಲುಕುಂಟೆಯಿಂದ ಗೀರಿ ಸಾಪು ಮಾಡುತ್ತಾರೆ. ತಮ್ಮ ಹೆಜ್ಜೆಯೂ ಉಳಿಯದಂತೆ ಹಿಂದೆ ಹಿಂದೆ ನಡೆಯುತ್ತ ಗೀರಿಕೊಂಡು ಬರುತ್ತಾರೆ. ವಾರದೊಳಗೆ ಯಾರು ಬಂದರೂ ಮರಳೇ ಹೇಳುತ್ತದೆ. ಆದರೆ ಅಲ್ವೀನೆಯ ಗೆರೆಗಳಷ್ಟು ನೇರ ಗೆರೆ ಇನ್ಯಾರದೂ ಇರಲಿಲ್ಲ.

"ಅಲ್ಲ ಕಾಲ್ಯು," ಅಂದಳು ವಿರ್ವೆ, ಸುಸ್ತಾದ ದನಿಯಲ್ಲಿ. "ನಲವತ್ತು ವರ್ಷ ಸುಳ್ಳು ಕೇಳಿದ್ದು ಸಾಕು ಅಂತ ತಾನೇ ಈ ಸಂಘ ಕಟ್ಟಿದ್ದು? ಈಗ ನಾವೇ ಶುರು ಮಾಡೋಣ್ವಾ?"

ಕಾಲ್ಯು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಹಾಗಾದ್ರೆ ನೀನೇ ಹೇಳು," ಅಂದ. ಎಲ್ಲರೂ ಅದನ್ನೇ ಹೇಳುತ್ತಾರೆ. ಹೇಳಬೇಕಾದ್ದೇನೋ ಇದೆ, ಹೇಳುವವಳು ಮಾತ್ರ ವಿರ್ವೆ.

ವಿರ್ವೆ ಹೋದಾಗ ಅಲ್ವೀನೆ ಅಂಗಳದಲ್ಲಿ ಆಲೂಗಡ್ಡೆ ಬಿತ್ತುತ್ತಿದ್ದಳು. ಕೊಟ್ಟಿಗೆಯ ಗೋಡೆಗೆ ಹೊಸ ಸಮಾಧಿಕಲ್ಲು ಒರಗಿತ್ತು. ಎಲ್ಮಾರ್‌ನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಮಳೆ ಹನಿ ಬೀಳದಿರಲೆಂದು ಮೇಲೆ ಒಂದು ಗೋಣಿಚೀಲ.

"ಬಾರೇ, ಬಾ. ನೋಡ್ದೆಯಾ? ನಿನ್ನೆ ಬಂತು. ಅಕ್ಷರ ಎಷ್ಟು ಚೆನ್ನಾಗಿ ಬಿದ್ದಿದೆ! ರಾತ್ರಿ ಎರಡು ಸಲ ಎದ್ದು ಬಂದು ಮುಟ್ಟಿ ನೋಡ್ದೆ, ನಿನ್ನಾಣೆ." ಒಳಗೆ ಕರೆದು ಬಾರ್ಲಿ ಕಾಫಿ, ಕಪ್ಪು ಬ್ರೆಡ್ಡು, ಉಪ್ಪಿನ ಮೀನು ಇಟ್ಟಳು. "ತಿನ್ನೇ, ಸೊರಗಿ ಕಡ್ಡಿ ಆಗಿದೀಯ. ನಿನ್ನ ಗಂಡ ನೋಡಿದ್ರೆ ನನ್ನನ್ನ ಬೈತಾನೆ."

ವಿರ್ವೆ ಬ್ರೆಡ್ಡಿನ ತುಂಡನ್ನು ತಟ್ಟೆಗೆ ವಾಪಸ್ ಇಟ್ಟಳು. ಇವತ್ತು ಬೇಡ, ನಾಳೆ ಹೇಳೋಣ ಅಂದುಕೊಂಡಳು. ನಾಳೆಯೂ ಇದೇ ಬ್ರೆಡ್ಡು, ಇದೇ ಮೀನು. ಕಣ್ಣು ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಮಾದಿಸ್ ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಕಳೆಯದೆ.

ಅಲ್ವೀನೆ ಎದ್ದು ಒಲೆಯ ಮೇಲಿನ ಕೆಟಲನ್ನು ಅತ್ತ ಸರಿಸಿದಳು, ಮತ್ತೆ ಇತ್ತ ಸರಿಸಿದಳು.

"ಎಷ್ಟು ಆಳದಲ್ಲಿದೆಯಂತೆ?"

"ಎದೆಮಟ್ಟ ಅಂತಾರೆ."

"ನಲವತ್ತೊಂದು ಗಂಡಸರ ಮೇಲೆ ನಿಂತು ನಾನು ಒಬ್ಬನ ಹತ್ರ ಮಾತಾಡ್ತಿದ್ದೆ ಹಾಗಾದ್ರೆ." ಅವಳು ಮತ್ತೆ ಬಂದು ಕೂತಳು. "ಅವನಿಗೆ ಎಲ್ಲಾ ಹೇಳ್ತಿದ್ದೆ ಕಣೇ. ಹಸು ಸತ್ತಿದ್ದು, ಅಮ್ಮ ಹೋಗಿದ್ದು, ನನ್ನನ್ನ ಕೇಳಿದ ಆ ಬಡಗಿನ ಬೇಡ ಅಂದಿದ್ದು. ನಾನು ಮದುವೆ ಮಾಡ್ಕೊಂಡು ಬೇರೆ ಊರಿಗೆ ಹೋದ್ರೆ ಇವನ ಮರಳು ಯಾರು ಗೀರ್ತಾರೆ ಅಂತ."

"ಚಿಕ್ಕಮ್ಮ, ನೀವು ಬೇಡ ಅಂದ್ರೆ ನಾವು ಮುಟ್ಟೋದಿಲ್ಲ. ಹೊಸ ಫಲಕ ಕೆತ್ತಿಸ್ತೀವಿ, ಹೆಸರುಗಳು ಚರ್ಚಿನ ಪುಸ್ತಕದಲ್ಲಿವೆ." ಕಾಲ್ಯುಗೆ ಏನು ಉತ್ತರ ಕೊಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ, ಆದರೆ ಮಾತು ಹೊರಗೆ ಬಂದಾಗಿತ್ತು.

"ತೆಗೀರಿ," ಅಂದಳು ಅಲ್ವೀನೆ. "ಅವನಿಲ್ಲದ ಗುಂಡಿ ನನಗ್ಯಾಕೆ? ಆದ್ರೆ ಮಾದಿಸ್ ಅಲ್ಲಿರಬೇಕು. ಹೊತ್ಕೊಂಡಾದ್ರೂ ಬನ್ನಿ."

ಶನಿವಾರ ಬೆಳಗ್ಗೆ ನಾಲ್ಕು ಜನ ಗುದ್ದಲಿ ಹಿಡಿದು ಅಗೆದರು. ಎದೆಮಟ್ಟ ಇಳಿದಾಗ ಠಣ್ ಎಂದಿತು. ಟಾರು ಬಳಿದ ಬಟ್ಟೆ ಬಿಚ್ಚಿ ಫಲಕವನ್ನು ಟ್ರ್ಯಾಕ್ಟರಿನ ಸರಪಳಿಯಿಂದ ಮೇಲೆತ್ತಿದಾಗ ಅಕ್ಷರಗಳು ನಿನ್ನೆ ಕೆತ್ತಿದಷ್ಟು ಚೂಪಾಗಿದ್ದವು. ಕಾಲ್ಯು ಒಂದೊಂದೇ ಹೆಸರು ಜೋರಾಗಿ ಓದಲು ಹೊರಟ, ತನ್ನ ಅಜ್ಜನ ಹೆಸರಿಗೆ ಬಂದಾಗ ದನಿ ಒಡೆದು ಮುಖ ತಿರುಗಿಸಿಕೊಂಡ. ವಿರ್ವೆಗೂ ಕಣ್ಣು ತುಂಬಿತು. ಇಷ್ಟೆಲ್ಲ ಸಂಜೆಗಳು ಸಾರ್ಥಕವಾದವು ಅನ್ನಿಸಿದ್ದು ಅದೊಂದು ಗಳಿಗೆ ಮಾತ್ರ.

ಅಲ್ವೀನೆ ಫಲಕದ ಕಡೆ ನೋಡಲೇ ಇಲ್ಲ. ಬೇಲಿಯ ಪಕ್ಕದ ಬೆಂಚಿನಲ್ಲಿ ಮಾದಿಸ್‌ನನ್ನು ತಂದು ಕೂರಿಸಿದ್ದರು. ನೇರ ಅವನ ಮುಂದೆ ಹೋಗಿ ನಿಂತಳು. ಅವನು ಟೋಪಿ ತೆಗೆದ.

"ಬೈಯಮ್ಮ. ಮುಖಕ್ಕೆ ಉಗಿ. ಏನು ಬೇಕಾದ್ರೂ ಮಾಡು."

"ಮಧ್ಯದಲ್ಲಿದ್ದೋನು ಅಂದಿದ್ದೆಯಲ್ಲ. ಅವನ ಕೂದಲು ಯಾವ ಬಣ್ಣ ಇತ್ತು?"

"ನಾನು ನೋಡಿಲ್ಲ ತಾಯಿ. ಚೌಕದ ಹತ್ರ ನಾನು ಹೋಗೇ ಇಲ್ಲ, ಭಯ."

"ಎಲ್ಮಾರ್‌ನ ಹೆಣ ನೀನು ನೋಡಿಲ್ಲ?"

"ಇಲ್ಲ."

"ಯಾರಾದ್ರೂ ನೋಡಿದ್ದಾರಾ?"

"ನನಗೆ ಗೊತ್ತಿರೋ ಹಾಗೆ ಯಾರೂ ಇಲ್ಲ."

ಅಲ್ವೀನೆ ನಿಂತಲ್ಲೇ ಬೆರಳು ಮಡಿಸಿ ಏನನ್ನೋ ಎಣಿಸಿದಳು. "ಅವನಿಗೆ ಈಗ ಅರವತ್ತಾರು," ಅಂದಳು. ವಿರ್ವೆಯ ಕಡೆ ತಿರುಗಿ, "ಅರವತ್ತಾರು ಏನು ಮಹಾ ವಯಸ್ಸೇ? ಆಗ ದೋಣಿ ಹತ್ತಿ ಸ್ವೀಡನ್ನಿಗೆ ಹೋದೋರೆಲ್ಲ ಈಗ ಕಾಗದ ಬರೀತಾ ಇದಾರಂತೆ, ನೀನೇ ಹೇಳಿದ್ಯಲ್ಲ," ಅಂದಳು. ಅವಳ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಇವಳು ಇನ್ನು ತಮ್ಮನಿಗಾಗಿ ಕಾಯತೊಡಗುತ್ತಾಳೆಂದು ವಿರ್ವೆಗೆ ಹೊಳೆಯಿತು. ಮಾದಿಸ್‌ನ ಮುಖಕ್ಕೆ ಅವಳು ಉಗಿದಿದ್ದರೇ ಚೆನ್ನಾಗಿತ್ತು.

ಗುಂಡಿ ಮುಚ್ಚಿದ ಮೇಲೆ ಮರಳಿನ ತುಂಬ ಬೂಟಿನ ಗುರುತು. ಅಲ್ವೀನೆ ತಂದಿದ್ದ ಹಲ್ಲುಕುಂಟೆಯನ್ನು ಹೆಗಲ ಮೇಲಿಟ್ಟುಕೊಂಡು, ಗೀರದೆಯೇ ಮನೆಗೆ ಹೋದಳು.

ವಿಜಯ ದಿನಕ್ಕೆ ಫಲಕ ನಿಂತಿತು. ಬ್ಯಾಂಡು ಬಾರಿಸಿದರು, ಹಳೆಯ ಸ್ವತಂತ್ರ ದೇಶದ ನೀಲಿ ಕಪ್ಪು ಬಿಳಿ ಬಾವುಟ ಹಾರಿಸಿದರು, ತಾರ್ತುವಿನಿಂದ ಬಂದವರು ಉದ್ದುದ್ದ ಭಾಷಣ ಮಾಡಿದರು. ಅಲ್ವೀನೆ ಬರಲಿಲ್ಲ. ಬೇಲಿ ಪಕ್ಕದ ಜಾಗದಲ್ಲಿ ಹುಲ್ಲು ಚಿಗುರತೊಡಗಿತ್ತು.

ಜುಲೈಯ ಒಂದು ಶನಿವಾರ ವಿರ್ವೆ ರೆಕಾರ್ಡರು ಎತ್ತಿಕೊಂಡು ಅವಳ ಮನೆಗೆ ಹೊರಟಳು. ಊರಿನಲ್ಲಿ ಕಥೆ ಹೇಳದೆ ಉಳಿದಿದ್ದವಳು ಅಲ್ವೀನೆ ಒಬ್ಬಳೇ. ರಾತ್ರಿ ಸರಿಯಾಗಿ ನಿದ್ದೆಯಿರಲಿಲ್ಲ, ಕಾಲು ಊದಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

ಗೇಟಿನಿಂದ ಮನೆಬಾಗಿಲವರೆಗೆ ಹೊಸ ಬಿಳಿ ಮರಳು ಸುರಿದಿತ್ತು. ಅದರ ಮೇಲೆ ಉದ್ದಕ್ಕೂ ಕುಂಟೆಯ ಗೆರೆಗಳು, ಬಾಚಿದ ತಲೆಯ ಹಾಗೆ ನೇರ. ಕೊಟ್ಟಿಗೆಯ ಹತ್ತಿರ ಸಮಾಧಿಕಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು.

"ಮೆಟ್ಟಬೇಡ!" ಕಿಟಕಿಯಿಂದ ಅಲ್ವೀನೆ ಕೂಗಿದಳು. "ಈ ಕಡೆಯಿಂದ, ಬೇಲಿ ಪಕ್ಕ ಬಾರೇ. ಕಾಫಿ ಬಿಸಿ ಇದೆ."

ವಿರ್ವೆ ರೆಕಾರ್ಡರನ್ನು ಎದೆಗವಚಿಕೊಂಡು, ಬೇಲಿಯ ತುರಿಕೆಗಿಡಗಳ ನಡುವೆ ಸುತ್ತಿ ಬಳಸಿ ಹಿಂಬಾಗಿಲಿಗೆ ನಡೆದಳು. ಕಾಲು ಚುರುಚುರು ಉರಿಯಿತು. ಮರಳು ಹಾಗೇ ಇತ್ತು, ಗೇಟಿನಿಂದ ಬಾಗಿಲವರೆಗೆ, ಒಂದು ಹಕ್ಕಿಯ ಕಾಲೂ ಬೀಳದೆ.