ಯಾರೂ ಇಲ್ಲದ ಫೋಟೊ

ಗೋಕಾಕದ ಯಲ್ಲಾರಿ ಕ್ಯಾಮೆರಾ ಹೊತ್ತು ಹೊರಟನೆಂದರೆ ದಾರಿಯಲ್ಲಿ ಕಂಡವರು ಮೊದಲು ಕೇಳುತ್ತಿದ್ದದ್ದು, ‘ಯಾರು ಹೋದ್ರು?’

ತಪ್ಪು ಅವರದಲ್ಲ. ಇನ್ನೂ ಬ್ರಿಟಿಷರಿದ್ದ ಆ ಕಾಲದಲ್ಲಿ ನಮ್ಮ ಕಡೆ ಬದುಕಿದ್ದವರಿಗೆ ಫೋಟೊದ ಹಂಬಲವಿರಲಿಲ್ಲ. ಹಿರಿಯರು ತೀರಿಕೊಂಡು, ಅವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ ಹೂವೇರಿಸಿದ ಮೇಲೆಯೇ ಮನೆಯವರಿಗೆ ಅವರದೊಂದು ಫೋಟೊ ಇಲ್ಲವೆಂದು ಹೊಳೆಯುತ್ತಿತ್ತು. ಮಂದಿ ಹೆಣ ತೆಗೆಯುವ ಮೊದಲು ಯಲ್ಲಾರಿ ಫೋಟೊ ತೆಗೆಯಬೇಕು. ಅಲುಗಾಡಬೇಡಿ ಎಂದು ಹೇಳುವ ಪ್ರಮೇಯವೇ ಇಲ್ಲದ ಗಿರಾಕಿಗಳಾದ್ದರಿಂದ ಫೋಟೊಗಳು ಬಹಳ ಸ್ವಚ್ಛವಾಗಿ ಬರುತ್ತಿದ್ದವು.

ಈ ಒಳ್ಳೆಯ ಹೆಸರೇ ಅವನ ಮದುವೆಗೆ ಅಡ್ಡ ಬಂತು. ಅವನ ಮನಸ್ಸು ಹುಕ್ಕೇರಿಯ ಪದ್ಮವ್ವನ ಮೇಲಿತ್ತು. ಅವಳಪ್ಪ ಗುರುಲಿಂಗಪ್ಪ ಅರಿವೆ ವ್ಯಾಪಾರಿ. ಮಾತನ್ನೂ ಗಜ ಹಾಕಿ ಅಳೆದು, ಒಮ್ಮೆ ಕೆಮ್ಮಿ, ಆಮೇಲೆ ಹರಿದು ಕೊಡುತ್ತಿದ್ದ.

“ಹುಡುಗ ಛಲೋ ಅದಾನ,” ಎಂದ ಗುರುಲಿಂಗಪ್ಪ. ಕೆಮ್ಮಿದ. “ಆದ್ರ ನೀ ನಮ್ಮ ಬಾಗಲದಾಗ ಸೈಕಲ್ ನಿಲ್ಲಿಸಿದಿ ಅಂದ್ರ, ಓಣಿ ಮಂದಿ ನನ್ನ ಹೆಸರ ಹಿಡದು ಅಳಾಕ ಸುರು ಮಾಡ್ತಾರ.”

ತಾನು ಗುಡ್ಡ, ಹೊಳೆ, ಮೋಡಗಳ ಚಿತ್ರವನ್ನೂ ತೆಗೆಯುತ್ತೇನೆ, ಮನೆಯ ಗೋಡೆಗೆ ಹಾಕಿ ನೋಡುತ್ತ ಕೂಡುವಂಥವು ಎಂದು ಯಲ್ಲಾರಿ ಹೇಳಿದ. ಗುರುಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಮೇಲೆ ಲಿಂಗವಿರಬೇಕು, ಇಲ್ಲವೆ ಲಿಂಗೈಕ್ಯರಾದವರು ಇರಬೇಕು. ಯಾರೂ ಇಲ್ಲದ ಫೋಟೊಕ್ಕೆ ಯಾರು ಮೊಳೆ ಹೊಡೆಯುತ್ತಾರೆ? ಕೊನೆಗೆ ಒಂದು ಕರಾರು ಹಾಕಿದ. ಮರ್ಯಾದಸ್ಥರೊಬ್ಬರ ಪಡಸಾಲೆಯಲ್ಲಿ ಅಂಥ ಫೋಟೊ ತೂಗಬೇಕು, ಅದಕ್ಕೆ ಪೂಜೆ ನಡೆಯಬಾರದು, ಬರೀ ನೋಡಬೇಕು. ಹಾಗಾದರೆ ಮಗಳನ್ನು ಕೊಡುತ್ತೇನೆ.

ಮಳೆಗಾಲದಲ್ಲಿ ಯಲ್ಲಾರಿ ಗೋಕಾಕದ ದಬದಬಿ ಜಲಪಾತದ ಎದುರು ಕರಿ ಬಟ್ಟೆಯೊಳಗೆ ತಲೆ ತೂರಿಸಿ ನಿಂತ. ಧುಮುಕುವ ನೀರು, ಆಚೆ ತೂಗುಸೇತುವೆ, ಈಚೆ ತೊಯ್ದು ಕರ್ರಗಾದ ಬಂಡೆಗಳು. ಸೇತುವೆಯ ಮೇಲಿನ ಮಂದಿ ದಾಟಿ ಹೋಗುವವರೆಗೆ ಕಾದು ತೆಗೆದ. ಕಟ್ಟು ಹಾಕಿಸಿ ನೇರವಾಗಿ ಮೂಡಲಗಿಗೆ, ಗುರುಲಿಂಗಪ್ಪನ ಅಕ್ಕ ಚನ್ನವ್ವನ ಮನೆಗೇ ಒಯ್ದ. ಸ್ವಂತ ಅಕ್ಕನ ಮನೆ ಮರ್ಯಾದಸ್ಥರದಲ್ಲ ಎನ್ನುವ ಧೈರ್ಯ ಯಾವ ತಮ್ಮನಿಗಿದೆ? ಚನ್ನವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಒಳಗೆ ಯಾರಿದ್ದಾರೆಂದು ಕೇಳಲಿಲ್ಲ. ಮೊಳೆ ಹುಡುಕಲು ಎದ್ದಳು.

ದಸರೆ ಕಳೆದ ಮೇಲೆ ಗುರುಲಿಂಗಪ್ಪ ಯಲ್ಲಾರಿಯನ್ನು ಕರೆದುಕೊಂಡು ತಪಾಸಣೆಗೆ ಬಂದ. ಪಡಸಾಲೆಗೆ ಕಾಲಿಟ್ಟವನೇ ಕೆಮ್ಮಿದ. ಫೋಟೊದ ಗಾಜಿನ ಮೇಲೆ, ಕರಿ ಬಂಡೆಯ ನಡುವೆ, ದುಂಡಗೆ ಒಂದು ವಿಭೂತಿಯ ಬೊಟ್ಟು.

“ಪೂಜಿ ನಡದೈತಿ. ಮುಗೀತಲ್ಲಪಾ, ಯಲ್ಲಾರಿ.”

ಯಲ್ಲಾರಿಯ ಮುಖ ತೊಳೆಯದ ನೆಗೆಟಿವ್‌ನಂತಾಯಿತು.

ಅಡುಗೆಮನೆಯಿಂದ ಚನ್ನವ್ವ ಬಂದಳು. “ಯಾಂವ ಪೂಜಿ ಮಾಡ್ಯಾನ? ಅದು ಗುರ್ತಿಗೆ ಇಟ್ಟದ್ದು. ಮದಿವ್ಯಾದ ಹೊಸದಾಗಿ ನಾವು ಆ ಬಂಡಿಗಲ್ಲಿನ ಮ್ಯಾಲ ಕುಂತಿದ್ವಿ. ಬಂದವರಿಗೆ ತೋರಿಸಿ ತೋರಿಸಿ ಕೈಬಟ್ಟ ನೋಯಾಕತ್ತಿತ್ತು.”

ತೋರಿಸುವುದೇನು? ಅಂದು ಕಟ್ಟಿಕೊಂಡು ಹೋದ ಬುತ್ತಿ ಮಾಯವಾಗಿತ್ತು. ಮಂಗ ಒಯ್ದಿತು ಎಂದು ಗಂಡ ಕೆಂಚಪ್ಪ ಹೇಳಿದ್ದ. ಹೊಳೆಗೆ ಕೆಡವಿ ಸುಳ್ಳು ಹೇಳಿದ್ದಾನೆಂದು ಅವಳಿಗೆ ಅಂದಿನಿಂದಲೂ ಅನುಮಾನ. ಈಗ ಸಾಕ್ಷಿ ಸಿಕ್ಕಿತ್ತು. ಇಡೀ ಚಿತ್ರದಲ್ಲಿ ಒಂದು ಗಿಡವಿಲ್ಲ. ಮಂಗ ಎಲ್ಲಿಂದ ಬಂತು?

“ಆವಾಗ ಇತ್ತು ಗಿಡ,” ಎಂದ ಕೆಂಚಪ್ಪ, ಕಂಬಳಿಯ ಮೇಲೆ ಕೂತಲ್ಲಿಂದಲೇ.

ಗುರುಲಿಂಗಪ್ಪ ಕೆಮ್ಮುವುದನ್ನು ಮರೆತು ಗಾಜಿನ ಹತ್ತಿರ ಹೋದ. “ಅಕ್ಕಾ, ನೀವು ಕುಂತದ್ದು ಅಲ್ಲಲ್ಲ, ಈಚಿ ಬಂಡಿ. ನಿನ್ನ ಜೋಡಿ ನನ್ನ ಕಳಿಸಿದ್ರಲ್ಲ, ನಂಗ ಗೊತ್ತಿಲ್ಲೇನು?”

“ನಿಂಗೇನ ಗೊತ್ತು? ನೀ ಹಸದು ಅಳಾಕತ್ತಿದ್ದಿ.”

“ಅತ್ತಿದ್ದು ಖರೆ. ಅದಕ್ಕ ನೆನಪೈತಿ. ಇಲ್ಲೇ ನಿಂತು ಅತ್ತೇನಿ ನಾ.” ಪಕ್ಕದ ಗೂಡಿನ ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳು ತಿಕ್ಕಿ, ಈಚೆ ಬಂಡೆಯ ಮೇಲೆ ತಾನೇ ಒಂದು ಬೊಟ್ಟಿಟ್ಟ. ಇಟ್ಟ ಮೇಲೆ ಬೆರಳನ್ನು ನೋಡಿಕೊಂಡ.

“ಪೂಜಿ ಮಾಡಿದೇನೋ ಗುರಲಿಂಗಾ?” ಎಂದಳು ಅಕ್ಕ.

ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಯಲ್ಲಾರಿಯತ್ತ ತಿರುಗಿ, ಇಂಥದೇ ಇನ್ನೊಂದು ತನಗೂ ಬೇಕು, ಆದರೆ ಈಚೆ ಬಂಡೆ ಇನ್ನಷ್ಟು ದೊಡ್ಡದಾಗಿ ಕಾಣಬೇಕು ಎಂದ. ಮದುವೆಯ ಮಾತನ್ನು ಅಳೆಯದೆ, ಒಂದೇ ಏಟಿಗೆ ಹರಿದು ಕೊಟ್ಟ.

ಅಲ್ಲಿಂದ ಮುಂದೆ ಯಲ್ಲಾರಿ ಪ್ರತಿ ಚಿತ್ರದ ಜೊತೆ ಗುರ್ತಿಗೆಂದು ವಿಭೂತಿಯ ಒಂದು ತುಣುಕನ್ನು ಪುಕ್ಕಟೆ ಕೊಡುತ್ತಿದ್ದ. ನಿಡಸೋಸಿಯ ಗುಡ್ಡ, ಅರಭಾವಿಯ ಕಬ್ಬಿನ ಹೊಲ ಎಲ್ಲ ಪಡಸಾಲೆಗಳಿಗೆ ಏರಿದವು. ತಾನು ಕಾದು ಖಾಲಿ ಮಾಡಿದ್ದನ್ನು ಮಂದಿ ಮತ್ತೆ ತುಂಬುತ್ತಾರೆಂದು ಮೊದಮೊದಲು ಗೊಣಗಿದ. ಆಮೇಲೆ ಬಿಟ್ಟ.

ಅವನ ಸ್ವಂತ ಮನೆಗೆ ಪದ್ಮವ್ವ ಆರಿಸಿದ್ದು ಹುಕ್ಕೇರಿ ಹಾದಿಯ ಒಂದು ಖಾಲಿ ತಿರುವು. ತಿರುವಿನಲ್ಲಿ ಬೊಟ್ಟಿಟ್ಟಳು. ಅದು ಯಾರೆಂದು ಅವನು ಕೇಳಿದ.

“ನೀವ ರೀ. ಸೈಕಲ್ ಮ್ಯಾಲ ಬರೂದು ಮೊದಲ ನೋಡಿದ್ದು ಅಲ್ಲೇ.”

ಯಲ್ಲಾರಿ ಹುಕ್ಕೇರಿಗೆ ಯಾವಾಗಲೂ ಬರುತ್ತಿದ್ದದ್ದು ಈ ತಿರುವಿಲ್ಲದ ಆಚೆ ಹಾದಿಯಿಂದ. ಆ ಸೈಕಲ್ ಯಾರದೋ! ಅವನು ಚಿತ್ರವನ್ನು ಇನ್ನೊಮ್ಮೆ ನೋಡಿದ. ಬೊಟ್ಟು ಚೆಂದ ಕೂತಿತ್ತು.

“ಹೌದು, ಅಲ್ಲೇ,” ಎಂದ.